ಒಂಬತ್ತು ಬಿಳಿ ಪಂಚೆಗಳು

ಊಟಕ್ಕೆ ಕರೆದವರ ಮನೆಯಲ್ಲಿ ಮೇಜಿನ ಮೇಲೆ ಕೈಯಿಂದ ಹೂವು ಬಿಡಿಸಿದ ಬಟ್ಟೆ ಹಾಸಿದ್ದರೆ, ಅದರ ಅಂಚು ತೊಡೆಗೆ ತಾಗದಂತೆ ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ಕೂರುತ್ತೇನೆ. ಕಳೆದ ತಿಂಗಳು ಬಸವೇಶ್ವರನಗರದಲ್ಲಿ ತಂಗಿಯ ಮಗಳು ತನ್ನ ಮಗುವಿನ ಹುಟ್ಟುಹಬ್ಬಕ್ಕೆಂದು ಎರಡು ವಾರ ಕೂತು ಊಟದ ಮೇಜಿಗಿಡುವ ಹನ್ನೆರಡು ಕೈವಸ್ತ್ರಗಳಿಗೆ ಬಣ್ಣ ಹಚ್ಚಿದ್ದಳು. ಕೆಲಸ ಅಚ್ಚುಕಟ್ಟಾಗಿತ್ತು, ಎಲೆಯ ಬಣ್ಣ ಎಲ್ಲಿಯೂ ಗೆರೆ ಮೀರಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ. ಊಟವಾದ ಮೇಲೆ ಮಾತ್ರ ಬ್ಯಾಗಿನಿಂದ ನನ್ನದೇ ಕರವಸ್ತ್ರ ತೆಗೆದು ಕೈ ಒರೆಸಿಕೊಂಡೆ.

“ದೊಡ್ಡಮ್ಮ, ಅದು ಒರೆಸ್ಕೊಳ್ಳೋಕೇ ಇಟ್ಟಿರೋದು. ಮ್ಯೂಸಿಯಮ್ಮಿಗಲ್ಲ.”

ನಾನು ನಕ್ಕು, ಕರವಸ್ತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಬಾಯಿ ಒರೆಸಿದ ಬಟ್ಟೆಯನ್ನು ಮತ್ತೆ ಅನ್ನದ ಪಕ್ಕದಲ್ಲಿಯೇ ಇಡುವುದು, ಯಾರೋ ಕಣ್ಣು ನೋಯಿಸಿಕೊಂಡು ಹಾಕಿದ ಹೂವಿನ ಮೇಲೆ ಸಾರಿನ ಎಣ್ಣೆ ಹರಡುವುದು, ಅದನ್ನು ನೋಡುತ್ತಲೇ ಜನ ಪಾಯಸ ಹೀರುವುದು, ಇವೆಲ್ಲ ನನಗೆ ಹೇಸಿಗೆ. ಇದನ್ನು ಮಡಿವಂತಿಕೆಯೆಂದು ನನ್ನ ಮನೆಯವರು ತಿಳಿದಿದ್ದಾರೆ. ಅದು ಮಡಿವಂತಿಕೆಯಲ್ಲ. ಈ ಹೇಸಿಗೆ ಎಲ್ಲಿ ಹುಟ್ಟಿತು, ಯಾವ ಮಧ್ಯಾಹ್ನ ಹುಟ್ಟಿತು ಎಂಬುದು ನನಗೆ ಖಚಿತವಾಗಿ ಗೊತ್ತು. ಅದನ್ನು ಕ್ರಮ ತಪ್ಪದಂತೆ ಹೇಳುವುದು ಈ ಅಧ್ಯಾಯದ ಉದ್ದೇಶ.

ಸುಂಕದಕಟ್ಟೆಯಲ್ಲಿದ್ದ ನಮ್ಮ ಮನೆಗೆ ಎರಡು ವಯಸ್ಸುಗಳಿದ್ದವು. ಹಿಂದಿನ ಅರ್ಧ ತಾತನ ಕಾಲದ್ದು: ಹೊಗೆ ಹಿಡಿದ, ಕಿಟಕಿಯಿಲ್ಲದ ಅಡಿಗೆಮನೆ, ರಾಗಿ ಮೂಟೆಗಳ ಉಗ್ರಾಣ, ಹಿತ್ತಿಲಲ್ಲಿ ಬಾವಿ. ಮುಂದಿನ ಅರ್ಧ ಅಪ್ಪನದು: ಹೊಲದ ಒಂದು ಭಾಗ ಸೈಟುಗಳಾಗಿ ಮಾರಾಟವಾದ ಮೇಲೆ ಕಟ್ಟಿಸಿದ ಹಾಲ್, ಅದಕ್ಕೆ ಕೆಂಪು ನೆಲ, ನಡುವೆ ಎಂಟು ಕುರ್ಚಿಗಳ ಊಟದ ಮೇಜು. ಆ ಮೇಜಿನಲ್ಲಿ ನಾವು ಯಾರೂ ಉಣ್ಣುತ್ತಿರಲಿಲ್ಲ. ಮುದ್ದೆ ಮುರಿಯಲು ನೆಲವೇ ಸರಿಯೆಂದು ಅಪ್ಪ ಅಡಿಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮೇಜಿನ ಮೇಲೆ ಲೈಟ್ ಬಿಲ್ಲು, ಹುಣಸೆಹಣ್ಣಿನ ಬುಟ್ಟಿ, ನನ್ನ ಕಾಪಿ ಪುಸ್ತಕಗಳು ಇರುತ್ತಿದ್ದವು. ಅಮ್ಮನಿಗೆ ಎಂಜಲಿನ ಲೆಕ್ಕ ಬಹಳ ಕಟ್ಟುನಿಟ್ಟು. ಉಂಡ ಕೈಯಿಂದ ನೀರಿನ ಚೊಂಬು ಮುಟ್ಟಿದರೆ ಚೊಂಬಿಗೆ ಹುಣಸೆಹಣ್ಣು ಬೀಳುತ್ತಿತ್ತು, ನಮ್ಮ ಬೆನ್ನಿಗೆ ಸೌಟು ಬೀಳುತ್ತಿತ್ತು. ಆ ಮನೆಯ ಶಿಸ್ತನ್ನು ನಾನು ಶಿಸ್ತೆಂದೇ ನಂಬಿದ್ದೆ. ಹತ್ತು ವರ್ಷದ ನನಗೆ, ಸ್ವಚ್ಛವಾದದ್ದೆಲ್ಲ ಒಂದು ಕಡೆ, ಹೊಲಸಾದದ್ದೆಲ್ಲ ಇನ್ನೊಂದು ಕಡೆ ಇರುತ್ತವೆ, ನಡುವೆ ಗೆರೆ ಎಳೆಯಲು ದೊಡ್ಡವರಿದ್ದಾರೆ ಎಂಬ ಧೈರ್ಯವಿತ್ತು.

ಉಗ್ರಾಣದಲ್ಲಿ, ಮೂಟೆಗಳ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದವಳು ಜಯತ್ತೆ, ಅಪ್ಪನ ಕೊನೆಯ ತಂಗಿ. ಅವಳಿಗೆ ಮೂವತ್ತೊಂದು ತುಂಬಿತ್ತು. ಹಾಸಿಗೆ ಹಿಡಿದ ತಾತನ ಸೇವೆ ಮಾಡುತ್ತ ಅವಳ ಮದುವೆಯ ವಯಸ್ಸು ಕಳೆದುಹೋಗಿತ್ತು. ತಾತ ಹೋದ ಮೇಲೆ ಅವಳಿಗೊಂದು ಸಂಬಂಧ ಬಂತು: ಕೆಂಗೇರಿ ರೈಲ್ವೆ ಸ್ಟೇಷನ್ನಿನ ಹತ್ತಿರ ದಿನಸಿ ಅಂಗಡಿಯಿಟ್ಟಿದ್ದ ರಾಮಕೃಷ್ಣಪ್ಪ, ಹೆಂಡತಿ ತೀರಿಕೊಂಡಿದ್ದವರು, ನಾಲ್ಕು ವರ್ಷದ ಒಬ್ಬಳು ಮಗಳು. ತಂದೆ ಸತ್ತ ವರ್ಷದೊಳಗೆ ಮಗಳ ಮದುವೆ ಮಾಡಿದರೆ ಸತ್ತವರಿಗೆ ಪುಣ್ಯವೆಂಬುದು ನಮ್ಮವರ ನಂಬಿಕೆಯಾದ್ದರಿಂದ ಯಾರೂ ತಡ ಮಾಡಲಿಲ್ಲ. ಹುಡುಗನ ಕಡೆಯವರು ಒಂದು ಭಾನುವಾರ ಊಟಕ್ಕೇ ಬರುವುದೆಂದು ನಿಶ್ಚಯವಾಯಿತು. ಅತ್ತೆ ಆ ಸಂಬಂಧವನ್ನು ಎಷ್ಟು ಬಯಸಿದ್ದಳೆಂಬುದನ್ನು ಅವಳು ನನ್ನೊಬ್ಬಳಿಗೆ ಮಾತ್ರ ತೋರಿಸಿಕೊಂಡಿದ್ದಳು. ಕೆಂಗೇರಿಗೆ ಎಷ್ಟು ಬಸ್ಸು ಬದಲಾಯಿಸಬೇಕೆಂದು ನನ್ನಿಂದ ಮೂರು ಸಲ ಹೇಳಿಸಿಕೊಂಡಳು.

“ಅವ್ರ ಅಡಿಗೆಮನೇಲಿ ಕಿಟಕಿ ಐತಂತೆ ಕಣೇ. ಮಜ್ಜಿಗೆ ಕಡೀತಾ ರೈಲು ನೋಡ್ಬೋದಂತೆ.”

“ಯಾರು ಹೇಳಿದ್ರು?”

“ಯಾರೋ ಹೇಳಿದ್ರು ಬಿಡು. ನಿಂಗ್ಯಾಕೆ ಸಾಕ್ಷಿ.”

ಕೆಂಗೇರಿಯವರು ಮೇಜಿನಲ್ಲಿ ಉಣ್ಣುವವರೆಂಬ ಸುದ್ದಿ ಅಮ್ಮನ ಕಿವಿಗೆ ಬಿದ್ದದ್ದೇ ಮೇಜುಬಟ್ಟೆಯ ಕಥೆಯ ಆರಂಭ. ಹುಡುಗನ ತಾಯಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಬಾಳಿದವರಂತೆ. ಬಟ್ಟೆ ಹಾಸದ ಮೇಜಿಗೆ ಅವರು ಕೂರುವುದೇ ಇಲ್ಲವಂತೆ. ಹುಡುಗಿಯೇ ಹೂವು ಹಾಕಿದ ಒಂದು ದೊಡ್ಡ ಬಟ್ಟೆ, ಕೂತವರಿಗೆಲ್ಲ ಒಂದೊಂದು ಕೈವಸ್ತ್ರ, ಇಷ್ಟು ಮಾಡಿದರೆ ಹುಡುಗಿಯ ಕೈಕೆಲಸವನ್ನು ಬಾಯಿಬಿಟ್ಟು ಹೊಗಳುವ ಅಗತ್ಯವೇ ಇರುವುದಿಲ್ಲವೆಂದು ಅಮ್ಮ ಲೆಕ್ಕ ಹಾಕಿದರು. ನಾಲ್ಕು ದಿನ ಬಿಟ್ಟು ಅಪ್ಪ ಒಂದು ಚೀಲದ ತುಂಬ ಬಿಳಿ ಬಟ್ಟೆ ತಂದು ಮೇಜಿನ ಮೇಲೆ ಸುರಿದರು. ಮಾಗಡಿ ರಸ್ತೆಯಲ್ಲಿ ಮುಚ್ಚುತ್ತಿದ್ದ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದರು. ಅಂಚುಗಳನ್ನೆಲ್ಲ ಕತ್ತರಿಸಿ ತೆಗೆಯಲಾಗಿತ್ತು. ಏಕೆಂದು ನಾನು ಕೇಳಿದೆ. ಹಾಗೇ ಮಾರುತ್ತಾರೆ ಎಂದರು.

ಕೆಲಸ ಶುರುವಾದ ದಿನದಿಂದಲೇ ನನಗೆ ಅಸಹ್ಯವಾಗತೊಡಗಿತು. ಹೂವಿನ ಚಿತ್ರವನ್ನು ತೆಳುಕಾಗದಕ್ಕೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಅರಳೆಯಿಂದ ಉಜ್ಜುವುದು ಆಗಿನ ಕ್ರಮ. ಕಾಗದ ಎತ್ತಿದರೆ ಬಟ್ಟೆಯ ಮೇಲೆ ನೀಲಿ ಚುಕ್ಕೆಗಳ ಹೂವು ನಿಲ್ಲುತ್ತಿತ್ತು. ಅನ್ನ ಬಡಿಸಬೇಕಾದ ಬಟ್ಟೆ ವಾರವಿಡೀ ಸೀಮೆಎಣ್ಣೆಯ ವಾಸನೆ ಹೊಡೆಯಿತು. ಅತ್ತೆ ಸೂಜಿ ಪೋಣಿಸುವ ಮೊದಲು ದಾರದ ತುದಿಯನ್ನು ನಾಲಗೆಯ ಮೇಲೆಳೆದು ಹದ ಮಾಡುತ್ತಿದ್ದಳು. ಸೂಜಿ ಬಿಗಿದಾಗ ಅದನ್ನು ಎಣ್ಣೆ ತಲೆಗೆ ಒಂದೆರಡು ಸಲ ತೀಡುತ್ತಿದ್ದಳು. ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದಳು. ಎಸಳೆಸಳಿನಲ್ಲೂ ಎಂಜಲು ಎಂದು ನಾನು ಮುಖ ಸಿಂಡರಿಸಿದರೆ ಅವಳಿಗೆ ನಗು.

“ದಾರ ಏನ್ ನಿನ್ನ ಬಾಯಿಗ್ ಬಂತಾ? ದೊಡ್ಡ ಪುರೋಹಿತ್ರು ಇವ್ಳು.”

“ಅವ್ರು ಅದ್ರಲ್ಲಿ ಬಾಯಿ ಒರೆಸ್ಕೋತಾರೆ ಅತ್ತೆ.”

“ಒರೆಸ್ಕೊಳ್ಲಿ. ಮದ್ವೆಯಾದ್ಮೇಲೆ ನಾನ್ ಮಾಡಿದ್ ಅಡಿಗೆನೂ ತಿನ್ತಾರೆ.”

ಆದರೂ ನಾನು ಬಿಟ್ಟು ಹೋಗುತ್ತಿರಲಿಲ್ಲ. ಕೈವಸ್ತ್ರಗಳ ಮೂಲೆಗಳು ಸಮಕೋನವಾಗಿವೆಯೇ ಎಂದು ಅಳತೆಪಟ್ಟಿ ಹಿಡಿದು ಪರೀಕ್ಷಿಸುವ ಕೆಲಸವನ್ನು ನನಗೆ ನಾನೇ ವಹಿಸಿಕೊಂಡಿದ್ದೆ. ಹಾಗೆ ಇನ್ನೂ ಕತ್ತರಿಸದ ಬಟ್ಟೆಯೊಂದರ ಮಡಿಕೆಯನ್ನು ಬಿಡಿಸುತ್ತಿರುವಾಗ ಅದರೊಳಗಿಂದ ಎರಡು ಪುರಿ ಕಾಳು, ಒಣಗಿ ಕಂದಾದ ಒಂದು ಚೆಂಡುಹೂವಿನ ಎಸಳು ಉದುರಿದವು. ಅಂಗಡಿಯವನು ಪುರಿ ತಿನ್ನುತ್ತ ಬಟ್ಟೆ ಮಡಿಸಿರಬೇಕೆಂದು ನಾನು ಹೇಳಿದೆ. ಅತ್ತೆ ಕೈ ಚಾಚಿದಳು. ಅವನ್ನು ಅಂಗೈಯಲ್ಲಿ ಹಾಕಿಕೊಂಡು ಮುಷ್ಟಿ ಮುಚ್ಚಿದಳು. ಆಗ ನನಗೆ ಹೊಳೆಯಿತು. ಪುರಿಯನ್ನೂ ಚೆಂಡುಹೂವನ್ನೂ ಒಟ್ಟಿಗೆ ಎರಚುವುದನ್ನು ನಾನು ಒಂದೇ ಒಂದು ಕಡೆ ನೋಡಿದ್ದೆ. ಏಳು ತಿಂಗಳ ಹಿಂದೆ, ತಾತನನ್ನು ಹೊಲಕ್ಕೆ ಹೊತ್ತುಕೊಂಡು ಹೋದಾಗ.

ನಮ್ಮ ಕಡೆ ಸಾವಿಗೆ ಬರುವ ನೆಂಟರು ಹೆಣದ ಮೇಲೆ ಹೊದಿಸಲು ಒಂದೊಂದು ಹೊಸ ಪಂಚೆ ತರುತ್ತಾರೆ. ಗುಂಡಿಗೆ ಇಳಿಸುವ ಮುನ್ನ ಒಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ತೆಗೆದು, ಗುಂಡಿ ತೋಡಿದವರಿಗೂ ಚಾಕರಿ ಮಾಡಿದವರಿಗೂ ಕೊಟ್ಟುಬಿಡಬೇಕು. ಅದರ ಒಂದು ಎಳೆಯೂ ಮನೆಯ ಹೊಸ್ತಿಲು ದಾಟಿ ಒಳಗೆ ಬರಬಾರದು. ತಾತನಿಗೆ ಊರೆಲ್ಲ ನೆಂಟರು. ಪಂಚೆಗಳು ರಾಶಿ ಬಿದ್ದಿದ್ದವು. ಅಪ್ಪ ಕೊಡಬೇಕಾದವರಿಗೆ ಒಂದೊಂದು ಕೊಟ್ಟು, ಒಳ್ಳೆಯ ನೂಲಿನ ಒಂಬತ್ತನ್ನು ಚೀಲದಲ್ಲಿ ತುಂಬಿ ಪಂಪ್‌ಸೆಟ್ಟಿನ ಕೋಣೆಯಲ್ಲಿ ಇಟ್ಟಿದ್ದರು. ಇದನ್ನು ನನಗೆ ಹೇಳಿದವಳು ಅತ್ತೆ, ಅದೂ ನಾನು ಪಟ್ಟು ಹಿಡಿದು ಕೇಳಿದ ಮೇಲೆ.

“ಅಮ್ಮಂಗೆ ಗೊತ್ತಾ?”

“ಅಂಚು ಕತ್ರಿಸ್ದೋರು ಯಾರು ಅಂದ್ಕೊಂಡೆ? ಎರಡು ಸಲ ಕುದಿಯೋ ನೀರ್ಗ್ ಹಾಕಿ, ಒಣಗ್ಸಿ, ಮತ್ತೆ ಅದೇ ಚೀಲಕ್ಕೆ ತುಂಬವ್ರಂತೆ. ಹೋಯ್ತಂತೆ ಮೈಲಿಗೆ.”

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಬಟ್ಟೆ ಮುಟ್ಟಿದ್ ದಿನಾನೇ. ಇದ್ರಲ್ಲೊಂದು ನಾನೇ ಹೊದ್ಸಿದ್ದು. ನೂಲು ಗೊತ್ತಾಗಲ್ವಾ?”

ನಾನು ಕೈಯನ್ನು ಲಂಗಕ್ಕೆ ಉಜ್ಜಿಕೊಂಡೆ. ಎದ್ದು ಹೋಗಿ ಬಾವಿಯ ಹತ್ತಿರ ಸೀಗೆಪುಡಿ ಹಾಕಿ ತೊಳೆದುಕೊಂಡೆ. ತಿರುಗಿ ಬಂದಾಗ ಅವಳು ದೊಡ್ಡ ಬಟ್ಟೆಯ ನಟ್ಟನಡುವೆ, ಚಿತ್ರದಲ್ಲಿ ಇಲ್ಲದ ಜಾಗದಲ್ಲಿ, ಒಂದು ಸೂರ್ಯಕಾಂತಿ ಹಾಕುತ್ತಿದ್ದಳು. ಅದರ ಕೆಳಗೆ ತಟ್ಟೆಯಗಲದ ಹಳದಿ ಕಲೆಯಿತ್ತು. ತಾತನಿಗೆ ಸ್ನಾನ ಮಾಡಿಸಿದ ಅರಿಶಿನದ ನೀರು ಕುದಿಸಿದರೂ ಹೋಗಿರಲಿಲ್ಲ.

“ಅತ್ತೆ, ನಿಂಗೆ ಹೇಸಿಗೆ ಆಗಲ್ವಾ?”

“ನಮ್ಮಪ್ಪ ಕಣೇ. ಎಂಟ್ ವರ್ಷ ಅವ್ರ ಹಾಸಿಗೆ ಒಗ್ದಿದೀನಿ. ಇದೇನ್ ಹೇಸಿಗೆ?” ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. “ನಿಮ್ಮಪ್ಪ ಅಂಗ್ಡೀಲ್ ತಂದೆ ಅಂದ್ರಲ್ಲ, ಅದು ಹೇಸಿಗೆ. ಆದ್ರೆ ಈಗ ಏನ್ ಮಾಡಕ್ಕಾಗತ್ತೆ? ಬಾಯ್ಬಿಟ್ರೆ ಕೆಂಗೇರಿಯೋರು ಹೊಸ್ತಿಲೂ ತುಳಿಯಲ್ಲ. ಯಾರ್ಗೂ ಹೇಳ್ಬೇಡ ಕಣೇ ಸುಮಿ. ನನ್ನಾಣೆ.”

ನಾನು ಆಣೆ ಮಾಡಿದೆ. ಸಂಜೆ ಅಮ್ಮ ಆ ಸೂರ್ಯಕಾಂತಿಯನ್ನು ನೋಡಿ, ಹುಳಿಯ ಪಾತ್ರೆ ಇಡುವ ಜಾಗದಲ್ಲಿ ಹೂವೇಕೆಂದು ಗದರಿದರು. ಅತ್ತೆ ಬಟ್ಟೆಯನ್ನೆತ್ತಿ ಹಿಂಬದಿಯನ್ನು ತೋರಿಸಿದಳು. ಅಮ್ಮ ಕಲೆಯನ್ನು ನೋಡಿದರು, ನನ್ನನ್ನು ನೋಡಿದರು, “ಚೆನ್ನಾಗೈತೆ ಬಿಡು” ಎಂದು ಒಳಗೆ ಹೋದರು. ಉಂಡ ಕೈಯಿಂದ ಚೊಂಬು ಮುಟ್ಟಿದ್ದಕ್ಕೆ ನನಗೆ ಸೌಟಿನ ಏಟು ಕೊಡುತ್ತಿದ್ದ ಹೆಂಗಸು ಇವರೇ. ಅಂದಿನಿಂದ ಅವರು ಬಡಿಸಿದ ಅನ್ನವನ್ನು ನಾನು ಉಸಿರು ಬಿಗಿಹಿಡಿದು ನುಂಗುತ್ತಿದ್ದೆ.

ಭಾನುವಾರ ಕೆಂಗೇರಿಯಿಂದ ಆರು ಜನ ಬಂದರು. ಹೋಳಿಗೆ, ಅವರೆಕಾಳಿನ ಹುಳಿ, ಕೋಸಂಬರಿ, ಪಾಯಸ. ಮೇಜುಬಟ್ಟೆಯನ್ನು ಕಂಡೊಡನೆ ಹುಡುಗನ ತಾಯಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಉಗುರಿನಿಂದ ಹೊಲಿಗೆಯನ್ನು ಕೆರೆದು ನೋಡಿದರು. ಮೂಲೆಯ ನವಿಲುಗಳನ್ನೂ ನಡುವಿನ ಸೂರ್ಯಕಾಂತಿಯನ್ನೂ ಒಂದೊಂದಾಗಿ ಹೊಗಳಿದರು.

“ಇಷ್ಟ್ ಒತ್ತಾಗಿ ಯಾರವ್ವಾ ಈಗ ಹಾಕ್ತಾರೆ? ನಮ್ ಕ್ವಾರ್ಟರ್ಸ್‌ನಲ್ಲಿ ಒಬ್ಳು ಆಂಗ್ಲೋ ಇಂಡಿಯನ್ ಇದ್ಲು, ಅವ್ಳೂ ಹಿಂಗ್ ಹಾಕ್ತಿರ್ಲಿಲ್ಲ.”

ಆಮೇಲೆ ಆ ಕೈವಸ್ತ್ರಗಳಿಗೆ ಒದಗಿದ ಗತಿಯನ್ನು ನಾನು ಬಾಗಿಲಿನ ಪಕ್ಕದಲ್ಲಿ ನಿಂತು ಒಂದೂ ಬಿಡದೆ ನೋಡಿದೆ. ಒಬ್ಬರು ಹೋಳಿಗೆಯ ತುಪ್ಪವನ್ನು ಮೊಣಕೈವರೆಗೆ ಒರೆಸಿಕೊಂಡರು. ಇನ್ನೊಬ್ಬರು ಹಲ್ಲಿಗೆ ಸಿಕ್ಕಿದ ಅವರೆಸಿಪ್ಪೆಯನ್ನು ಬೆರಳಿನಿಂದ ತೆಗೆದು ನವಿಲಿನ ಕೊರಳಿಗೆ ತೀಡಿದರು. ಹುಡುಗನ ತಾಯಿ ಊಟ ಮುಗಿಸಿ ಅಲ್ಲಿಯೇ ಎಲೆಯಡಿಕೆ ಹಾಕಿಕೊಂಡು, ತುಟಿಯಂಚಿನ ಕೆಂಪನ್ನು ಹೂವಿನ ಮೇಲೆ ಒತ್ತಿ ಒತ್ತಿ ತೆಗೆದರು. ಅದೇ ಬಟ್ಟೆಯನ್ನು ಮಡಿಸಿ, ಮೊಮ್ಮಗಳ ಸುರಿಯುವ ಮೂಗನ್ನು ಹಿಂಡಿದರು. ಆ ಪುಟ್ಟ ಹುಡುಗಿ ಅಷ್ಟು ಹೊತ್ತಿಗೆ ಜಯತ್ತೆಯ ತೊಡೆಯೇರಿ ಕೂತಿದ್ದಳು. ಅತ್ತೆ ಅವಳಿಗೆ ಪಾಯಸ ಕುಡಿಸುತ್ತಿದ್ದಳು. ರಾಮಕೃಷ್ಣಪ್ಪ ಬಟ್ಟೆಯನ್ನೂ ನೋಡುತ್ತಿರಲಿಲ್ಲ, ಊಟವನ್ನೂ ನೋಡುತ್ತಿರಲಿಲ್ಲ. ಮಗಳು ಮತ್ತು ಅತ್ತೆಯ ಕಡೆಗೇ ಅವರ ಕಣ್ಣು ಇತ್ತು. ಆ ನೋಟದ ಅರ್ಥ ನನಗೆ ಆಗಲೇ ತಿಳಿದಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ.

“ಈ ಬಟ್ಟೆ ಎಲ್ಲಾ ಗಂಟು ಕಟ್ಟಿ ಕೊಟ್ಬಿಡಿ,” ಎಂದರು ಹುಡುಗನ ತಾಯಿ. “ಹುಡ್ಗಿ ಹೆಂಗೂ ನಮ್ಮನೆಗೆ ಬರೋಳು. ಬಟ್ಟೆ ಒಂದ್ ತಿಂಗ್ಳು ಮುಂಚೆ ಬರ್ಲಿ.”

ಒಪ್ಪಿಗೆಯನ್ನು ಅವರು ಹೇಳಿದ್ದು ಹೀಗೆ. ಅಪ್ಪ ಧಾರಾಳವಾಗಿ ತಗೊಂಡು ಹೋಗಿ ಎಂದು ಎದ್ದು ನಿಂತರು. ಅತ್ತೆ ಮಗುವನ್ನು ಕಂಕುಳಿಗೆ ಹಾಕಿಕೊಂಡು, ಒಂದೇ ಕೈಯಿಂದ ಕೈವಸ್ತ್ರಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅವಳ ಮುಖದಲ್ಲಿ ಅಂಥ ನಿರಾಳವನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆ ನೋಡಲೂ ಇಲ್ಲ. ಅಪ್ಪನ ಸುಳ್ಳು, ಅಮ್ಮನ ಕತ್ತರಿ, ಎಲೆಯಡಿಕೆಯ ಉಗುಳು, ಮೂಗಿನ ಸಿಂಬಳ, ಸತ್ತ ಮುದುಕನ ಮೈ ತೊಳೆದ ನೀರು, ಎಲ್ಲವೂ ಸೇರಿ ಒಂದು ಗಂಟಾಗುವುದನ್ನು ನೋಡುತ್ತಿದ್ದ ನಾನು ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದೆ.

“ಅದನ್ನ ತಗೊಂಡ್ ಹೋಗ್ಬೇಡಿ,” ಎಂದೆ. “ಅದು ತಾತನ ಹೆಣದ ಮೇಲೆ ಹೊದ್ಸಿದ್ ಪಂಚೆ.”

“ಏನಂತು ಮಗು?”

“ಏನಿಲ್ಲ ಬಿಡಿ, ತಲೆಹರಟೆ,” ಎಂದು ಅಪ್ಪ ನಕ್ಕರು. “ಒಳಕ್ಕೆ ಹೋಗೇ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಮಗುವಿನ ಮಾತೆಂದು ತೇಲಿಹೋಗುತ್ತಿತ್ತು. ಆದರೆ ನಾನು ಸರಿಯಾದದ್ದನ್ನು ಹೇಳಿ ಸುಳ್ಳುಗಾತಿಯೆನಿಸಿಕೊಳ್ಳಲು ಸಿದ್ಧಳಿರಲಿಲ್ಲ.

“ಮಡಿಕೇಲಿ ಪುರಿ ಸಿಕ್ಕಿತ್ತು. ಚೆಂಡುಹೂವೂ ಸಿಕ್ಕಿತ್ತು. ಸೂರ್ಯಕಾಂತಿ ಕೆಳಗೆ ಅರಿಶಿನದ ಕಲೆ ಇದೆ. ತಿರುಗ್ಸಿ ನೋಡಿ.”

ಹುಡುಗನ ತಾಯಿ ತಿರುಗಿಸಿ ನೋಡಿದರು. ಬಳಿಕ ಹೊರಗೋಡಿ, ಗಂಟಲಿಗೆ ಬೆರಳು ಹಾಕಿ, ಉಂಡ ಹೋಳಿಗೆಯನ್ನೆಲ್ಲ ಮಲ್ಲಿಗೆಯ ಬುಡದಲ್ಲಿ ಕಕ್ಕಿದರು. ಅವರ ಹಿಂದೆಯೇ ಉಳಿದವರು ಎದ್ದರು. ರಾಮಕೃಷ್ಣಪ್ಪ ಮಾತ್ರ ಕುರ್ಚಿ ಹಿಡಿದು ನಿಂತು, “ಬಟ್ಟೆ ತಾನೇ ಅಮ್ಮ, ಅವ್ರದೇನ್ ತಪ್ಪು?” ಎಂದು ಮೆಲ್ಲಗೆ ಹೇಳಿದರು. ಅದಕ್ಕೆ ಅವರ ತಾಯಿ ಅಂಗಳದಿಂದಲೇ, ಆ ಮನೆಯ ನೀರು ಕುಡಿದರೆ ನನ್ನ ಹೆಣ ನೋಡುತ್ತೀಯ ಎಂದರು. ಮಗುವನ್ನು ಅತ್ತೆಯ ಕಂಕುಳಿಂದ ಕಿತ್ತುಕೊಂಡು, ಅದರ ಕೈಬಾಯಿಯನ್ನು ಸೆರಗಿನಿಂದ ಒರೆಸಿ, ತಾಂಬೂಲ ಮುಟ್ಟದೆ ಹೊರಟುಹೋದರು. ಕೆಂಗೇರಿಯಿಂದ ಮತ್ತೆ ಯಾರೂ ಬರಲಿಲ್ಲ. ಸುದ್ದಿ ಹೆಗ್ಗನಹಳ್ಳಿಯವರೆಗೂ ಹಬ್ಬಿದ್ದರಿಂದ ಬೇರೆ ಸಂಬಂಧವೂ ಬರಲಿಲ್ಲ. ಅತ್ತೆ ಕೊನೆಯವರೆಗೂ ಆ ಉಗ್ರಾಣದಲ್ಲಿಯೇ ಇದ್ದಳು.

ಅಪ್ಪ ಅಮ್ಮ ನನ್ನನ್ನು ಹೊಡೆಯಲಿಲ್ಲ. ಅದಕ್ಕಿಂತ ಅಸಹ್ಯವಾದದ್ದು ನಡೆಯಿತು.

“ಮಗು ಹತ್ರ ಇದೆಲ್ಲ ಯಾಕ್ ಬಾಯ್ ಬಿಟ್ಟೆ?” ಎಂದು ಅಮ್ಮ ಅತ್ತೆಯನ್ನು ಕೇಳಿದರು.

“ಅವ್ಳ ಹಣೇಬರಾನೇ ಅಷ್ಟು,” ಎಂದು ಅಪ್ಪ ಮಲಗಲು ಹೋದರು.

ನಾನು ಮೂವತ್ತು ವರ್ಷ ತರಗತಿಗಳಲ್ಲಿ ತಪ್ಪು ತಿದ್ದಿದೆ. ನಾಲ್ಕು ಜನರೆದುರು ತಿದ್ದಿದರೆ ತಪ್ಪು ಮರುಕಳಿಸುವುದಿಲ್ಲವೆಂದು ಹೇಳುತ್ತಿದ್ದೆ. ಸತ್ಯಕ್ಕೆ ಅಂಜದವಳೆಂದು ನಿವೃತ್ತಿಯ ದಿನ ಸಹೋದ್ಯೋಗಿಗಳು ಹೊಗಳಿದರು. ಅಂದು ನನ್ನಿಂದ ಮಾತಾಡಿಸಿದ್ದು ಸತ್ಯದ ಮೇಲಿನ ಪ್ರೀತಿಯಲ್ಲವೆಂಬುದು ನನಗೆ ಗೊತ್ತು. ಕೊಳಕು ನನ್ನ ಕಣ್ಣೆದುರಿನಿಂದ ತೊಲಗಬೇಕಾಗಿತ್ತು, ಅಷ್ಟೆ. ಅದರ ಜೊತೆಗೆ ಯಾರು ಕೊಚ್ಚಿಹೋದರೂ ನನಗೆ ಚಿಂತೆಯಿರಲಿಲ್ಲ. ಆ ಗುಣವನ್ನೇ ನಾನು ಮುಂದೆ ಶಿಸ್ತೆಂದು ಕರೆದು, ಇತರರ ಮಕ್ಕಳಿಗೂ ಕಲಿಸಿದೆ.

ಅಂದು ಮಧ್ಯಾಹ್ನ ಅತ್ತೆ ಮೇಜುಬಟ್ಟೆಯನ್ನೂ ಕೈವಸ್ತ್ರಗಳನ್ನೂ ಬಾವಿಕಟ್ಟೆಗೆ ಹೊತ್ತುಕೊಂಡು ಹೋದಳು. ನಾನು ದೂರದಿಂದ ಹಿಂಬಾಲಿಸಿದೆ. ಬೈಗುಳವೊಂದು ಬರುವುದೆಂದು ಕಾಯುತ್ತಿದ್ದೆ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಅವಳು ಎಲೆಯಡಿಕೆಯ ಕೆಂಪನ್ನು ಉಗುರಿನಿಂದ ಕೆರೆದಳು, ಸಿಂಬಳವನ್ನು ಬೆರಳಿನಿಂದ ಉಜ್ಜಿ ತೊಳೆದಳು. ಕೊನೆಗೆ ಆ ದೊಡ್ಡ ಬಟ್ಟೆಯನ್ನು ನೀರಿನಿಂದ ಎತ್ತಿದಳು. ಎರಡು ಪಂಚೆ ಜೋಡಿಸಿ ಹೊಲಿದ ಬಟ್ಟೆ. ನೆಂದಾಗ ಒಬ್ಬರಿಂದ ಹಿಂಡಲಾಗುವುದಿಲ್ಲ.

“ಆ ತುದಿ ಹಿಡ್ಕೊಳೇ ಸುಮಿ. ಹಿಂಡಣ.”

ನಾನು ಕೈಗಳನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡೆ.

“ಹೇಸಿಗೆನಾ?”

“ಹೂಂ.”

“ಸರಿ. ಮುಟ್ಬೇಡ.”

ಅವಳು ಬಟ್ಟೆಯ ಒಂದು ತುದಿಯನ್ನು ರಾಟೆಯ ಕಂಬಕ್ಕೆ ಸುತ್ತಿ ಬಿಗಿದಳು. ಇನ್ನೊಂದು ತುದಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಹಿಂದಕ್ಕೆ ವಾಲಿ, ಒಬ್ಬಳೇ ತಿರುಚತೊಡಗಿದಳು. ನೀರು ಅವಳ ಸೀರೆಯ ಮೇಲೂ ಪಾದಗಳ ಮೇಲೂ ಸುರಿಯಿತು. ನಾನು ನೋಡುತ್ತ ನಿಂತಿದ್ದೆ. ನನ್ನ ಕೈಗಳು ಒಣಗಿದ್ದವು, ಶುಭ್ರವಾಗಿದ್ದವು.